ಕನ್ನಡ ಮಾಧ್ಯಮದ 9 ಮತ್ತು 10ನೇ ತರಗತಿಗೆ ವಿಜ್ಞಾನ ಸಾಮಗ್ರಿ: ಬಳಸಿ ನೋಡಿದವರು ತಿಳಿಸಿ

ಕೇಳುತ್ತಿರುವವರು: ಚಳ್ಳಕೆರೆ ತಾಲ್ಲೂಕಿನ ಪ್ರೌಢಶಾಲಾ ಶಿಕ್ಷಕಿ

ಕಳೆದ ಜೂನ್‌ನಿಂದ ಗ್ರಾಮೀಣ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಬೋಧಿಸುತ್ತಿದ್ದೇನೆ. ಪ್ರಯೋಗಾಲಯವೆಂದರೆ ಎರಡು ಬೀರು. ಅವುಗಳಲ್ಲಿ ಒಂದರ ಬೀಗದ ಕೈ ಸಿಕ್ಕಿದ್ದು ದಸರಾ ರಜೆ ಮುಗಿದ ಮೇಲೆ. ಟಿ.ವಿ. ಒಂದಿದೆ, ಕರೆಂಟ್ ಇದ್ದಾಗ ನಡೆಯುತ್ತದೆ. ಇಂಟರ್‌ನೆಟ್ ಬೇಕೆಂದರೆ ನನ್ನ ಮೊಬೈಲೇ ಗತಿ. ಹುಡುಕಿದರೆ ಸಾಮಗ್ರಿಗೆ ಬರವಿಲ್ಲ. ಆದರೆ ಹೆಚ್ಚಿನವು ಇಂಗ್ಲಿಷಿನಲ್ಲಿವೆ, ಕನ್ನಡದಲ್ಲಿ ನಾನು ನೋಡಿದ ವಿಡಿಯೊಗಳಲ್ಲಿ ಬಹುಪಾಲು ಪಠ್ಯವನ್ನೇ ಗಟ್ಟಿಯಾಗಿ ಓದಿದಂಥವು. ನಿಮ್ಮ ತರಗತಿಯಲ್ಲಿ ಅಥವಾ ಮನೆಯಲ್ಲಿ ನಿಜವಾಗಿಯೂ ಕೆಲಸಕ್ಕೆ ಬಂದದ್ದು ಯಾವುದು, ಬಾರದೆ ಹೋದದ್ದು ಯಾವುದು ಎಂಬುದನ್ನು ದಯವಿಟ್ಟು ತಿಳಿಸಿ.

ಹೊಸದುರ್ಗ ಕಡೆಯ ವಿಜ್ಞಾನ ಶಿಕ್ಷಕರು, 18 ವರ್ಷದ ಸೇವೆ

ಮೇಡಂ, ಹೊಸದನ್ನು ಹುಡುಕುವ ಮೊದಲು ಪಠ್ಯಪುಸ್ತಕದಲ್ಲಿರುವ ಚಟುವಟಿಕೆಗಳಲ್ಲಿ ಎಷ್ಟನ್ನು ನಿಮ್ಮ ಎರಡು ಬೀರುಗಳಿಂದ ಮಾಡಲು ಸಾಧ್ಯ ಎಂದು ಪಟ್ಟಿ ಮಾಡಿಕೊಳ್ಳಿ. ನಮ್ಮ ಪುಸ್ತಕ ಎನ್‌ಸಿಇಆರ್‌ಟಿ ಪುಸ್ತಕದ ಕನ್ನಡ ರೂಪವಾಗಿರುವುದರಿಂದ ಅವರ ಪ್ರಯೋಗಾಲಯ ಕೈಪಿಡಿ ಹಾಗೂ ಎಕ್ಸೆಂಪ್ಲರ್ ಪ್ರಶ್ನೆಗಳು ನಮ್ಮ ಪಾಠಗಳಿಗೂ ಬಹುಮಟ್ಟಿಗೆ ಹೊಂದುತ್ತವೆ. ಅವು ಇಂಗ್ಲಿಷಿನಲ್ಲಿವೆ ಎಂದು ಬಿಟ್ಟುಬಿಡಬೇಡಿ. ಅವನ್ನು ಓದಬೇಕಾದವರು ನಾವು, ಮಕ್ಕಳಲ್ಲ. ಪುಸ್ತಕದ ಕ್ಯೂಆರ್ ಸಂಕೇತದಿಂದ ತೆರೆಯುವ ದೀಕ್ಷಾ (ಸರ್ಕಾರದ ಆನ್‌ಲೈನ್ ಕಲಿಕಾ ತಾಣ) ಸಾಮಗ್ರಿಯ ಗುಣಮಟ್ಟ ಒಂದೇ ಸಮನಾಗಿಲ್ಲ. ಆದ್ದರಿಂದ ಹಿಂದಿನ ರಾತ್ರಿಯೇ ಪೂರ್ತಿ ನೋಡಿ, ಬೇಕಾದ ನಾಲ್ಕೈದು ನಿಮಿಷವನ್ನಷ್ಟೇ ತೋರಿಸುವುದು ನನ್ನ ರೂಢಿ.

ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಪರದೆಯ ಮೇಲೆಯೇ ಪ್ರಯೋಗ ಮಾಡಿ ನೋಡಬಹುದಾದ ಫೆಟ್ ಸಿಮ್ಯುಲೇಶನ್‌ಗಳು. 2001ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಯೋಜನೆ ಇದು. ಎಲ್ಲವೂ ಉಚಿತ, ಹಲವು ಕನ್ನಡದಲ್ಲಿಯೂ ಇವೆ. ಒಮ್ಮೆ ಡೌನ್‌ಲೋಡ್ ಮಾಡಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ಬ್ರೌಸರ್‌ನಲ್ಲಿ ನಡೆಯುತ್ತವೆ. ವಿದ್ಯುಚ್ಛಕ್ತಿ ಪಾಠದಲ್ಲಿ ಎರಡು ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿ, ಸ್ವಿಚ್ ಒತ್ತುವ ಮೊದಲು ಯಾವುದು ಹೆಚ್ಚು ಬೆಳಗುತ್ತದೆ ಎಂದು ಕೇಳಿದೆ. ಬ್ಯಾಟರಿಗೆ ಹತ್ತಿರ ಇರುವುದು ಎಂದು ಮುಕ್ಕಾಲು ತರಗತಿ ಕೈ ಎತ್ತಿತು. ಪರದೆಯ ಮೇಲೆ ಎರಡೂ ಸಮನಾಗಿ ಬೆಳಗಿದವು, ಎಲ್ಲರೂ ಒಪ್ಪಿದರು.

ಮರುದಿನ ಅಂಗಡಿಯಿಂದ ತಂದ ಟಾರ್ಚ್ ಬಲ್ಬುಗಳಲ್ಲಿ ಅದನ್ನೇ ಮಾಡಿದಾಗ ಒಂದು ಪ್ರಖರವಾಗಿ, ಇನ್ನೊಂದು ಮಂದವಾಗಿ ಉರಿಯಿತು. ಹಿಂದಿನ ದಿನ ಸೋತಿದ್ದವರಿಗೆ ಎಲ್ಲಿಲ್ಲದ ಸಂತೋಷ. ಬಲ್ಬುಗಳ ಸ್ಥಾನ ಅದಲುಬದಲು ಮಾಡಿದರೂ ಪ್ರಖರವಾದದ್ದು ಅದೇ ಬಲ್ಬು ಎಂದು ಕಂಡಾಗ ಮಾತು ದೂರದಿಂದ ರೋಧದ ಕಡೆಗೆ ಹೊರಳಿತು: ಸರಣಿಯಲ್ಲಿ ಎರಡರಲ್ಲೂ ಹರಿಯುವ ವಿದ್ಯುತ್ ಒಂದೇ, ಆದ್ದರಿಂದ ರೋಧ ಹೆಚ್ಚಿರುವ ಬಲ್ಬು ಹೆಚ್ಚು ಬೆಳಗುತ್ತದೆ. ಪರದೆಯ ಬಲ್ಬುಗಳು ಒಂದೇ ಅಚ್ಚಿನವು, ಅಂಗಡಿಯವು ಅಲ್ಲ. ಪರದೆಯ ಮೇಲೆ ತೋರಿಸಿದ್ದನ್ನು ಕೈಯಲ್ಲಿಯೂ ಒಮ್ಮೆ ಮಾಡಿಸಿ ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿಯೇ.

ಕಸದಿಂದ ರಸ ತೆಗೆಯುವುದಕ್ಕೆ ಅರವಿಂದ ಗುಪ್ತ ಅವರ ತಾಣವಿದೆ (ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು). ಸೈಕಲ್ಲಿನ ವಾಲ್ವ್ ಟ್ಯೂಬ್ ತುಂಡುಗಳಿಗೆ ಬೆಂಕಿಕಡ್ಡಿ ಸಿಕ್ಕಿಸಿ ಆಕೃತಿಗಳನ್ನು ಮಾಡುವುದನ್ನು ನಾನು ಕಲಿತದ್ದು ಅಲ್ಲಿಂದ. ಅದೇ ಉಪಾಯದಿಂದ ನಾಲ್ಕು ಮುಖಗಳ ಚತುಷ್ಫಲಕ ಮಾಡಿಸಿ, ಅದರ ನಾಲ್ಕು ಮೂಲೆಗಳಲ್ಲಿ ಹೈಡ್ರೋಜನ್, ನಡುವೆ ಕಾರ್ಬನ್ ಎಂದು ಕಲ್ಪಿಸಿಕೊಳ್ಳಲು ಹೇಳಿದರೆ ಮೀಥೇನ್ ಅಣುವು ಕಪ್ಪುಹಲಗೆಯ ಚಪ್ಪಟೆ ಚಿತ್ರದಂತೆ ಇಲ್ಲ ಎಂಬುದು ತಾನಾಗಿಯೇ ತಿಳಿಯುತ್ತದೆ.

ದಾವಣಗೆರೆಯ ತಾಯಿಯೊಬ್ಬರು, ಮಗಳು 9ನೇ ತರಗತಿ

ನಾನು ಶಿಕ್ಷಕಿಯಲ್ಲ, ಮನೆಯ ಅನುಭವವನ್ನಷ್ಟೇ ಹೇಳಬಲ್ಲೆ. ಖಾನ್ ಅಕಾಡೆಮಿಯ ಕನ್ನಡ ವಿಡಿಯೊಗಳು ಮಗಳಿಗೆ ಲೆಕ್ಕ ಇರುವ ಪಾಠಗಳಲ್ಲಿ ನೆರವಾದವು, ಜೀವಶಾಸ್ತ್ರದಲ್ಲಿ ಅಷ್ಟಾಗಿ ಇಲ್ಲ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಮಾಸಪತ್ರಿಕೆಯನ್ನು ಅವಳು ಹಿಂದಿನ ಪುಟದಿಂದ ಓದಲು ಆರಂಭಿಸುತ್ತಾಳೆ. ಓದಿದರೆ ಸಾಕು ಎಂದು ನಾನು ಸುಮ್ಮನಿದ್ದೇನೆ. ಒಂದು ಸಂಸ್ಥೆಗೆ ದುಡ್ಡು ಕಟ್ಟಿ ಟ್ಯಾಬ್ ಸಮೇತ ಪಾಠಗಳನ್ನು ಕೊಂಡದ್ದು ಮಾತ್ರ ವ್ಯರ್ಥವಾಯಿತು. ಎಲ್ಲವೂ ಇಂಗ್ಲಿಷಿನಲ್ಲಿದ್ದು, ಕನ್ನಡ ಬರುತ್ತದೆ ಎಂಬ ಭರವಸೆ ಒಂದು ವರ್ಷವಾದರೂ ಭರವಸೆಯಾಗಿಯೇ ಉಳಿಯಿತು.

ಅವಳಿಗೆ ಸಾಂದ್ರತೆ ಅರ್ಥವಾದದ್ದು ಮಂಡಕ್ಕಿಯಿಂದ. ನಮ್ಮ ಪರಿಚಯದವರ ಮಂಡಕ್ಕಿ ಭಟ್ಟಿಗೆ ಕರೆದುಕೊಂಡು ಹೋಗಿದ್ದೆ. ಕಾದ ಮರಳಿಗೆ ಬಿದ್ದ ಅಕ್ಕಿ ಕೆಲವೇ ಕ್ಷಣಗಳಲ್ಲಿ ಅರಳುವುದನ್ನು ದೂರದಲ್ಲಿ ನಿಂತು ನೋಡಿದಳು (ಹತ್ತಿರ ನಿಲ್ಲುವ ಮಾತೇ ಇಲ್ಲ, ಅಷ್ಟು ಝಳ). ಮರಳು ಕಾಳಿನ ಸುತ್ತಲೂ ತಾಗಿ ಒಮ್ಮೆಗೇ ಶಾಖ ಕೊಡುತ್ತದೆ, ಒಳಗಿನ ತೇವ ಆವಿಯಾಗಿ ಕಾಳನ್ನು ಉಬ್ಬಿಸುತ್ತದೆ ಎಂದು ಅವಳೇ ಪುಸ್ತಕ ನೋಡಿ ಹೇಳಿದಳು. ಮನೆಗೆ ಬಂದು ಒಂದು ಪಾವು ಅಕ್ಕಿಯನ್ನೂ ಒಂದು ಪಾವು ಮಂಡಕ್ಕಿಯನ್ನೂ ತೂಗಿ, ಗಾತ್ರ ಒಂದೇ ಇದ್ದರೂ ತೂಕ ಏಕೆ ಬೇರೆ ಎಂದು ಬರೆದಳು. ಪಾವಿನಲ್ಲಿ ಕಾಳುಗಳ ನಡುವಿನ ಗಾಳಿಯೂ ಸೇರಿದೆಯಲ್ಲ, ಅದನ್ನು ಹೇಗೆ ಕಳೆಯುವುದು ಎಂದು ಕೇಳಿದ್ದಾಳೆ. ಇದಕ್ಕೆ ಉತ್ತರ ತಿಳಿದವರು ಹೇಳಿ.

ಚಿತ್ರದುರ್ಗದ ನಿವೃತ್ತ ಉಪನ್ಯಾಸಕರು

ಪಾವಿನ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಅಳತೆಪಾತ್ರೆಯ ಅರ್ಧದಷ್ಟು ಒಣಗಿದ ಸಣ್ಣ ಮರಳನ್ನು ಅಳೆದಿಟ್ಟುಕೊಂಡು, ತೂಗಿದ ಮಂಡಕ್ಕಿಯನ್ನು ಅದರೊಂದಿಗೆ ಬೆರೆಸಿ ಮೆಲ್ಲಗೆ ತಟ್ಟಿ ಕೂರಿಸಿ. ಮಂಡಕ್ಕಿ ಪೂರ್ತಿ ಮರಳಿನಲ್ಲಿ ಮುಳುಗಿರಬೇಕು. ಆಗ ಹೆಚ್ಚಾದ ಗಾತ್ರವೇ ಸರಿಸುಮಾರಾಗಿ ಮಂಡಕ್ಕಿಯ ಗಾತ್ರ. ನೀರು ಬಳಸಿದರೆ ಮಂಡಕ್ಕಿ ಹೀರಿಕೊಂಡುಬಿಡುತ್ತದೆ.

ಚಳ್ಳಕೆರೆಯ ಮೇಡಂ ಅವರೇ, ನೀವಿರುವ ತಾಲ್ಲೂಕಿನಲ್ಲಿಯೇ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದ್ದು, ಅಲ್ಲಿನ ಟ್ಯಾಲೆಂಟ್ ಡೆವಲಪ್‌ಮೆಂಟ್ ಸೆಂಟರ್ ವಿಜ್ಞಾನ ಶಿಕ್ಷಕರಿಗೆ ಪ್ರಯೋಗ ಸಹಿತ ತರಬೇತಿ ನೀಡುತ್ತದೆ. ಅಲ್ಲಿಗೆ ಹೋಗುವ ಅವಕಾಶ ಬಂದರೆ ಬಿಡಬೇಡಿ. ಅದೇ ತಾಲ್ಲೂಕಿನ ವೈಮಾನಿಕ ಪರೀಕ್ಷಾ ವಲಯದಲ್ಲಿ ಇಸ್ರೊ 2024ರ ಜೂನ್ 23ರಂದು ‘ಪುಷ್ಪಕ್’ ಎಂಬ ಮರುಬಳಕೆಯ ಉಡಾವಣಾ ವಾಹನವನ್ನು ಚಿನೂಕ್ ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟು ರನ್‌ವೇ ಮೇಲೆ ತಾನಾಗಿಯೇ ಇಳಿಯುವಂತೆ ಮಾಡಿತು. ಇಳಿಯುವಾಗ ಅದರ ವೇಗ ಗಂಟೆಗೆ 320 ಕಿ.ಮೀ. ಮೀರಿತ್ತು, ಬ್ರೇಕ್ ಪ್ಯಾರಾಚೂಟ್ ಅದನ್ನು ಸುಮಾರು 100ಕ್ಕೆ ತಂದಿತು. ಸೆಕೆಂಡಿನ ಲೆಕ್ಕದಲ್ಲಿ 89 ಮೀಟರ್‌ನಿಂದ 28 ಮೀಟರ್‌ಗೆ. ಇದಕ್ಕೆ 10 ಸೆಕೆಂಡು ಹಿಡಿದಿದ್ದರೆ ವೇಗೋತ್ಕರ್ಷ ಎಷ್ಟು, 20 ಹಿಡಿದಿದ್ದರೆ ಎಷ್ಟು, ಅಷ್ಟರಲ್ಲಿ ಕ್ರಮಿಸಿದ ದೂರ ಎಷ್ಟು ಎಂದು ಕೊಡಿ. ಪುಸ್ತಕದ ರೈಲುಗಾಡಿಯ ಲೆಕ್ಕಕ್ಕಿಂತ ನಿಮ್ಮ ಮಕ್ಕಳಿಗೆ ಇದು ರುಚಿಸುತ್ತದೆ.

ಲೋಹಗಳ ಪಾಠಕ್ಕೆ ನಮ್ಮ ಜಿಲ್ಲೆಯ ಇಂಗಳದಾಳು ಇದೆ. ತಾಮ್ರದ ಅದಿರು ತೆಗೆದ ಊರು. ಸಲ್ಫೈಡ್ ಅದಿರನ್ನು ಗಾಳಿಯಲ್ಲಿ ಕಾಯಿಸಿದಾಗ ಗಂಧಕದ ಡೈಆಕ್ಸೈಡ್ ಹೊರಟು ಕಡೆಗೆ ಲೋಹ ಉಳಿಯುವ ಸಮೀಕರಣವನ್ನು ಊರಿನ ಹೆಸರಿನೊಂದಿಗೆ ಹೇಳಿ ನೋಡಿ. ಮರಡಿಹಳ್ಳಿಯ ದಿಂಬುಲಾವಾ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿ ಉಕ್ಕಿದ ಲಾವಾ ತಟ್ಟನೆ ತಣಿದು ದಿಂಬುಗಳನ್ನು ಒಟ್ಟಿದಂತೆ ಕಲ್ಲಾಗಿದೆ. ಮಳೆಗೆ ಕಾಯುವ ನಮ್ಮ ಬಯಲುಸೀಮೆಯ ಮಕ್ಕಳಿಗೆ ಇದು ನೀರಿನ ತಳವಾಗಿತ್ತು ಎಂದರೆ ಮೊದಲು ನಗುತ್ತಾರೆ. ಕಲ್ಲು ಒಡೆದು ತರಬಾರದು ಎಂದು ಬಸ್ಸಿನಲ್ಲಿಯೇ ಹೇಳಿಬಿಡಿ.

ಬಿ.ಎಸ್‌ಸಿ. ವಿದ್ಯಾರ್ಥಿನಿ, ಜಗಳೂರು ಕಡೆಯವಳು

ನಾನು ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಸೇರಿದಾಗ ಕಷ್ಟವಾದದ್ದು ವಿಷಯವಲ್ಲ, ಹೆಸರುಗಳು. ವಕ್ರೀಭವನ ಗೊತ್ತಿತ್ತು, ರಿಫ್ರ್ಯಾಕ್ಷನ್ ಎಂದರೆ ಅದೇ ಎಂದು ತಿಳಿಯಲು ಒಂದು ವಾರ ಹಿಡಿಯಿತು. ಮೇಡಂ, ಪ್ರತಿ ಪಾಠಕ್ಕೂ ನೋಟ್ಸಿನ ಕೊನೆಯ ಪುಟದಲ್ಲಿ ಎರಡೂ ಭಾಷೆಯ ಪದಗಳನ್ನು ಬರೆಸಿ. ಪಠ್ಯಪುಸ್ತಕ ಸಂಘದ ತಾಣದಲ್ಲಿ ಎರಡೂ ಮಾಧ್ಯಮದ ಪುಸ್ತಕಗಳು ಉಚಿತವಾಗಿ ಸಿಗುತ್ತವೆ, ಅಕ್ಕಪಕ್ಕ ಇಟ್ಟರೆ ಸಾಕು. ಪರೀಕ್ಷೆಗೆ ಗೈಡುಗಳಿಗಿಂತ ಮಂಡಳಿಯ ಮಾದರಿ ಪ್ರಶ್ನೆಪತ್ರಿಕೆಗಳೇ ನನಗೆ ನೆರವಾದವು.

ಚಳ್ಳಕೆರೆ ತಾಲ್ಲೂಕಿನ ಶಿಕ್ಷಕಿ, ಮೂರು ವಾರಗಳ ನಂತರ

ಎಲ್ಲರಿಗೂ ಧನ್ಯವಾದಗಳು. ಪುಷ್ಪಕ್ ಲೆಕ್ಕವನ್ನು ಒಂಬತ್ತನೇ ತರಗತಿಗೆ ಕೊಟ್ಟೆ. ಆ ದಿನ ಹೆಲಿಕಾಪ್ಟರಿನ ಸದ್ದು ಕೇಳಿದ್ದಾಗಿ ಇಬ್ಬರು ಹೇಳಿದರು, ಮೂರನೆಯವನು ಸುಳ್ಳು ಎಂದ. ಲೆಕ್ಕವನ್ನು ಮಾತ್ರ ಮೂವರೂ ಸರಿಯಾಗಿ ಮಾಡಿದರು. ಎರಡು ಭಾಷೆಯ ಪದಪಟ್ಟಿ ಆರಂಭವಾಗಿದೆ. ಸಿಮ್ಯುಲೇಶನ್‌ಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೋದೆ, ಆದರೆ ನಮ್ಮ ಟಿ.ವಿ. ಅವುಗಳನ್ನು ತೆರೆಯಲಿಲ್ಲ. ಕಡೆಗೆ ನನ್ನ ಹಳೆಯ ಲ್ಯಾಪ್‌ಟಾಪನ್ನು ಎಚ್‌ಡಿಎಂಐ ತಂತಿಯಿಂದ ಜೋಡಿಸಬೇಕಾಯಿತು. ಬಳಸುವವರು ಆ ತಂತಿಯನ್ನು ಮೊದಲೇ ತೆಗೆದುಕೊಳ್ಳಿ. ಟಾರ್ಚ್ ಬಲ್ಬಿನ ಪ್ರಯೋಗ ಬರುವ ಸೋಮವಾರಕ್ಕೆ ಇದೆ, ಹೋಲ್ಡರ್ ಮಾತ್ರ ಇನ್ನೂ ಸಿಕ್ಕಿಲ್ಲ. ಹೊಸದುರ್ಗದ ಸರ್, ನೀವು ಹೋಲ್ಡರ್ ಇಲ್ಲದೆ ಹೇಗೆ ಜೋಡಿಸಿದಿರಿ?

ಹೊಸದುರ್ಗ ಕಡೆಯ ವಿಜ್ಞಾನ ಶಿಕ್ಷಕರು

ತಂತಿಯ ತುದಿ ಸುಲಿದು ಬಲ್ಬಿನ ಕುತ್ತಿಗೆಗೆ ಎರಡು ಸುತ್ತು ಬಿಗಿಯಾಗಿ ಸುತ್ತಿ, ಇನ್ನೊಂದು ತಂತಿಯನ್ನು ತಳದ ಚುಕ್ಕೆಗೆ ಒತ್ತಿ, ಹಳೆಯ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಪಟ್ಟಿ ಬಿಗಿದೆ. ಎರಡು ತಂತಿಗಳೂ ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಿ, ಮೇಡಂ.