ಅಪ್ಪ ನಿದ್ದೆಯಲ್ಲಿ ಆನೆ ಓಡಿಸುತ್ತಾರೆ: ಭಯವೇ, ಕಾಯಿಲೆಯೇ?

ಪಾಲಿಬೆಟ್ಟದ ಬೆಳೆಗಾರ: ಅಪ್ಪನಿಗೆ 64 ವರ್ಷ. ಬೆಳಗಿನ ಜಾವ ನಿದ್ದೆಯಲ್ಲೇ ಕೂಗಿ ಕಾಲು ಝಾಡಿಸುತ್ತಾರೆ. ಮೊನ್ನೆ ಅಮ್ಮನ ಮೊಣಕೈಗೆ ಏಟು ಬಿದ್ದು ಬಾತುಕೊಂಡಿತು. ಎಬ್ಬಿಸಿದರೆ ತಟ್ಟನೆ ಎಚ್ಚರವಾಗಿ, "ಹಲಸಿನ ಮರದಡಿ ಒಂಟಿ ಸಲಗ ನಿಂತಿತ್ತು, ಓಡಿಸುತ್ತಿದ್ದೆ" ಎಂದು ಕನಸನ್ನು ಪೂರ್ತಿ ಹೇಳುತ್ತಾರೆ. ತೋಟಕ್ಕೆ ಆನೆ ಬರುವುದು ಹೊಸದಲ್ಲ. ಆ ಭಯವೇ ಒಳಗೆ ಕುಳಿತಿದೆ ಎಂಬುದು ನನ್ನ ಅಂದಾಜು. ಚಿಕ್ಕಮ್ಮ ಗುಳಿಗನಿಗೆ ಹರಕೆ ಹೊರಬೇಕು ಎನ್ನುತ್ತಿದ್ದಾರೆ.

ಸೋಮವಾರಪೇಟೆ ಮೇಷ್ಟ್ರು: ಆನೆಯ ಭಯವೇ ಕಾರಣವಾಗಿದ್ದರೆ ಸಿದ್ದಾಪುರದಿಂದ ತಿತಿಮತಿಯವರೆಗೆ ಒಂದು ಮನೆಯಲ್ಲೂ ಮಂಚ ಉಳಿಯುತ್ತಿರಲಿಲ್ಲ. ಸಂಜೆ ಎಷ್ಟು ಕುಡಿಯುತ್ತಾರೆ, ಅದನ್ನು ಮೊದಲು ಹೇಳಿ.

ಪಾಲಿಬೆಟ್ಟದ ಬೆಳೆಗಾರ: ಮದುವೆ ಮನೆ ಬಿಟ್ಟರೆ ಮುಟ್ಟುವುದೇ ಇಲ್ಲ ಮೇಷ್ಟ್ರೇ.

ಮಡಿಕೇರಿ ಸಿಸ್ಟರ್: ಮೇಷ್ಟ್ರು ಕೇಳಿದ್ದು ಸರಿಯೇ, ವಿಪರೀತ ಕುಡಿಯುತ್ತಿದ್ದವರು ಒಮ್ಮೆಲೇ ಬಿಟ್ಟಾಗಲೂ ಹೀಗಾಗುವುದುಂಟು. ಆದರೆ ಇಲ್ಲಿನ ಲಕ್ಷಣ ಬೇರೆ. ಕನಸು ದಟ್ಟವಾಗಿ ಬೀಳುವುದು ಆರ್‌ಇಎಂ ನಿದ್ರೆಯಲ್ಲಿ, ಅಂದರೆ ಮುಚ್ಚಿದ ರೆಪ್ಪೆಯೊಳಗೆ ಕಣ್ಣು ವೇಗವಾಗಿ ಹೊರಳುವ ಹಂತದಲ್ಲಿ. 1953ರಲ್ಲಿ ಷಿಕಾಗೊದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ವರದಿ ಮಾಡಿದ ಹಂತ ಅದು. ಆ ಹೊತ್ತಿನಲ್ಲಿ ಮಿದುಳುಕಾಂಡ ಕೈಕಾಲುಗಳ ಸ್ನಾಯುಗಳಿಗೆ ಬೀಗ ಹಾಕಿರುತ್ತದೆ. ಉಸಿರಾಡಿಸುವ ವಪೆ (ಎದೆ-ಹೊಟ್ಟೆ ನಡುವಿನ ಸ್ನಾಯು) ಮತ್ತು ಕಣ್ಣುಗಳಿಗೆ ಮಾತ್ರ ವಿನಾಯಿತಿ. ಬೀಗ ಸಡಿಲವಾದರೆ ಕನಸಿನ ಜಗಳ ಹಾಸಿಗೆಯ ಮೇಲೇ ನಡೆಯುತ್ತದೆ. 1986ರಲ್ಲಿ ಅಮೆರಿಕದ ಷೆಂಕ್, ಮಹೊವಾಲ್ಡ್ ಮತ್ತು ಸಂಗಡಿಗರು ಇದನ್ನು ಪ್ರತ್ಯೇಕ ಕಾಯಿಲೆಯೆಂದು ವಿವರಿಸಿದರು. ಹೆಸರು ಆರ್‌ಇಎಂ ಸ್ಲೀಪ್ ಬಿಹೇವಿಯರ್ ಡಿಸಾರ್ಡರ್, ಚುಟುಕಾಗಿ ಆರ್‌ಬಿಡಿ ಎನ್ನುತ್ತಾರೆ. ಐವತ್ತು ದಾಟಿದ ಗಂಡಸರಲ್ಲಿ ಹೆಚ್ಚು ಪತ್ತೆಯಾಗುತ್ತದೆ. ಆರ್‌ಇಎಂ ಉದ್ದವಾಗುವುದು ರಾತ್ರಿಯ ಕೊನೆಯ ಭಾಗದಲ್ಲಿ, ಗಲಾಟೆಯೂ ಆಗಲೇ. ನಿದ್ದೆಯಲ್ಲಿ ನಡೆಯುವವರು ಸಾಮಾನ್ಯವಾಗಿ ಮೊದಲ ಜಾವದಲ್ಲೇ ಏಳುತ್ತಾರೆ, ಎಬ್ಬಿಸಿದರೆ ಗಲಿಬಿಲಿಗೊಳ್ಳುತ್ತಾರೆ.
ಒಂದು ಮಾತು: ಅಪ್ಪನಿಗೆ ಕಾಫಿಯ ಘಮ ಮೊದಲಿನಂತೆ ತಿಳಿಯುತ್ತಿದೆಯೇ? ಮಲಬದ್ಧತೆ ಇದೆಯೇ?

ಪಾಲಿಬೆಟ್ಟದ ಬೆಳೆಗಾರ: ಪಕ್ಕದಲ್ಲೇ ಕುಳಿತಿದ್ದರೂ ಬಾಣಲೆಯಲ್ಲಿ ಬೀಜ ಸೀದದ್ದು ಗೊತ್ತಾಗಲಿಲ್ಲವೆಂದು ಅಮ್ಮ ರೇಗಿದ್ದರು. ಏಕೆ ಕೇಳಿದಿರಿ ಸಿಸ್ಟರ್?

ಮಡಿಕೇರಿ ಸಿಸ್ಟರ್: ಬೇರೆ ಕಾರಣವಿಲ್ಲದೆ ಬರುವ ಆರ್‌ಬಿಡಿ ಹಲವರಲ್ಲಿ ಕೈ ನಡುಗಿ ನಡೆ ನಿಧಾನವಾಗುವ ಪಾರ್ಕಿನ್ಸನ್ ಅಥವಾ ಅದೇ ಬಳಗದ ಮರೆವಿನ ಕಾಯಿಲೆಯ ಮುನ್ಸೂಚನೆ. ವಾಸನೆ ಕುಂದುವುದು ಇನ್ನೊಂದು ಸುಳಿವು. 2019ರಲ್ಲಿ ಪ್ರಕಟವಾದ, 24 ಕೇಂದ್ರಗಳ 1,280 ಮಂದಿಯ ಅಧ್ಯಯನದ ಲೆಕ್ಕದಂತೆ 12 ವರ್ಷಗಳಲ್ಲಿ ಶೇಕಡ 73ರಷ್ಟು ಜನ ಆ ಹಾದಿ ಹಿಡಿಯುತ್ತಾರೆ.

ನಾಪೋಕ್ಲು ಅಕ್ಕ: ತಡೆಯುವ ಔಷಧ ಇದೆಯೇ? ಇಲ್ಲವಾದರೆ ಚೆನ್ನಾಗಿ ಓಡಾಡಿಕೊಂಡಿರುವ ಮನುಷ್ಯನ ತಲೆಗೆ ಈ ಅಂಕಿಯನ್ನು ಏಕೆ ತುಂಬುತ್ತೀರಿ? ಅದಕ್ಕಿಂತ ಹರಕೆಯೇ ವಾಸಿ, ನಿದ್ದೆಯಾದರೂ ಬರುತ್ತದೆ.

ಸೋಮವಾರಪೇಟೆ ಮೇಷ್ಟ್ರು: ನಿದ್ದೆ ಅವರಿಗೆ ಬರುತ್ತಿದೆ ಅಕ್ಕ, ಬಾರದಿರುವುದು ಅವರ ಹೆಂಡತಿಗೆ. ಆದರೆ ಸಿಸ್ಟರ್, ನೀವೂ ಅವಸರ ಮಾಡಿದಿರಿ. ಆ ಅಂಕಿ ಪರೀಕ್ಷೆಯಲ್ಲಿ ಖಚಿತವಾದ ರೋಗಿಗಳದ್ದು. ಇವರಿಗೆ ಪರೀಕ್ಷೆಯೇ ಆಗಿಲ್ಲ. ಗೊರಕೆಯ ನಡುವೆ ಉಸಿರುಗಟ್ಟುವ ಸ್ಲೀಪ್ ಆಪ್ನಿಯಾ ಇದ್ದವರೂ ಹೀಗೆಯೇ ಒದ್ದಾಡುತ್ತಾರೆ.

ಮಡಿಕೇರಿ ಸಿಸ್ಟರ್: ಅದನ್ನು ಬೇರ್ಪಡಿಸಲೆಂದೇ ಒಂದು ರಾತ್ರಿಯ ಪಾಲಿಸೋಮ್ನೋಗ್ರಫಿ ಪರೀಕ್ಷೆ, ಅಂದರೆ ಮಲಗಿದ್ದಾಗ ಮಿದುಳು, ಉಸಿರು, ಸ್ನಾಯುಗಳ ಚಟುವಟಿಕೆಯನ್ನು ದಾಖಲಿಸುವುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಿದ್ರೆಯ ಪ್ರಯೋಗಾಲಯವಿದೆ. ಅಕ್ಕ, ಪಾರ್ಕಿನ್ಸನ್ ತಡೆಯುವ ಔಷಧ ಇಲ್ಲ, ನಿಜ. ಆದರೆ ಒದೆತ ತಗ್ಗಿಸಲು ಮೆಲಟೋನಿನ್, ಕ್ಲೋನಜೆಪಾಮ್ ಕೊಡುತ್ತಾರೆ. ಎರಡನೆಯದನ್ನು ಮೆಡಿಕಲ್ ಅಂಗಡಿಯಲ್ಲಿ ಕೇಳಿ ನುಂಗಿಸಬೇಡಿ. ಆಪ್ನಿಯಾ ಇದ್ದರೆ ಉಸಿರು ಇನ್ನಷ್ಟು ಕಟ್ಟೀತು. ಖಿನ್ನತೆಯ ಮಾತ್ರೆ ನುಂಗುತ್ತಿದ್ದರೆ ವೈದ್ಯರಿಗೆ ತಿಳಿಸಿ, ಕೆಲವು ಈ ತೊಂದರೆಯನ್ನು ತರುತ್ತವೆ. ಸದ್ಯಕ್ಕೆ ಹಾಸಿಗೆ ನೆಲದ ಮೇಲಿರಲಿ, ಅಮ್ಮ ಬೇರೆ ಕೋಣೆಯಲ್ಲಿ ಮಲಗಲಿ. ಮನೆಯಲ್ಲಿ ಕೋವಿ ಇದ್ದರೆ ಆ ಕೋಣೆಯಿಂದ ಇವತ್ತೇ ತೆಗೆಯಿರಿ.

ನಾಪೋಕ್ಲು ಅಕ್ಕ: ಕೋವಿಯ ಮಾತು ಒಪ್ಪಿದೆ. ಪಾರ್ಕಿನ್ಸನ್ ಎಂಬ ಹೆಸರು ಮಾತ್ರ ಅವರು ತಾವಾಗಿ ಕೇಳಿದರೆ ಹೇಳಿ.

ಪಾಲಿಬೆಟ್ಟದ ಬೆಳೆಗಾರ: ಕೋವಿ ಬೀರುವಿಗೆ ಹೋಯಿತು, ಕೀಲಿ ಅಮ್ಮನ ಸೆರಗಿನಲ್ಲಿದೆ. ಅಪ್ಪನ ಸಿಟ್ಟೆಲ್ಲ ಅದರ ಮೇಲೆಯೇ, ಉಳಿದ ವಿಷಯ ಎತ್ತಲು ಆಗಲಿಲ್ಲ. ಬೆಂಗಳೂರಿಗೆ ಕಾಫಿ ಕೊಯ್ಲು ಮುಗಿದ ಮೇಲೆ ಹೋಗೋಣ ಎನ್ನುತ್ತಾರೆ. ಚಿಕ್ಕಮ್ಮ ಹರಕೆ ಹೊತ್ತಾಗಿದೆ.

ಮಡಿಕೇರಿ ಸಿಸ್ಟರ್: ಹರಕೆಗೆ ನನ್ನ ತಕರಾರಿಲ್ಲ, ಕೊಯ್ಲಿನವರೆಗೆ ಕಾಯುವುದಕ್ಕೆ ಇದೆ. ಹೊರಡುವ ಮೊದಲು ಆ ಒದೆತವನ್ನು ಮೊಬೈಲ್‌ನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ, ವೈದ್ಯರು ಅದನ್ನು ಕೇಳುತ್ತಾರೆ.