ಹಳೆ ಪಂಪ್‌ಸೆಟ್ ಇಂಜಿನ್‌ಗೆ ಹೊಂಗೆ ಎಣ್ಣೆ ಹಾಕಬಹುದಾ?

ಅರಸೀಕೆರೆ ತೋಟ:

ಎಲ್ಲರಿಗೂ ನಮಸ್ಕಾರ. ನಮ್ಮದು ಅರಸೀಕೆರೆ ಹತ್ತಿರ ತೆಂಗಿನ ತೋಟ. ಕೃಷಿ ಹೊಂಡದಿಂದ ನೀರೆತ್ತಲು ಅಪ್ಪನ ಕಾಲದ ಕಿರ್ಲೋಸ್ಕರ್ ಎವಿ1 ಇಂಜಿನ್ ಇದೆ. 5 ಎಚ್‌ಪಿ, ಒಂದೇ ಸಿಲಿಂಡರ್. ಕರೆಂಟ್ ಇದ್ದಾಗ ಮೋಟಾರ್, ಇಲ್ಲದಾಗ ಇದು. ಬೇಸಿಗೆಯಲ್ಲಿ ದಿನಕ್ಕೆ 3-4 ಗಂಟೆ ಓಡಿಸುತ್ತೇವೆ, ಗಂಟೆಗೆ ಹೆಚ್ಚುಕಮ್ಮಿ 1 ಲೀಟರ್ ಡೀಸೆಲ್ ಬೇಕು.

ಬೇಲಿ ಸಾಲಿನಲ್ಲಿ 40ಕ್ಕೂ ಜಾಸ್ತಿ ಹೊಂಗೆ ಮರ ಇವೆ. ಬೀಜ ಅರ್ಧ ಮಣ್ಣುಪಾಲು, ಇನ್ನರ್ಧ ವ್ಯಾಪಾರಿ ಹೇಳಿದ ರೇಟಿಗೆ ಕೊಟ್ಟುಬಿಡುತ್ತೇವೆ. ಈ ಸಲ ಗಾಣಕ್ಕೆ ಹಾಕಿಸಿ ಎಣ್ಣೆ ತೆಗೆಸಿದೆ. ಹೋದ ವಾರ 2 ಲೀಟರ್ ಟ್ಯಾಂಕಿಗೆ ಹಾಕಿ ನೋಡಿದರೆ ಇಂಜಿನ್ ಓಡಿತು! ಹೊಗೆ ಸ್ವಲ್ಪ ಜಾಸ್ತಿ, ಅಷ್ಟೇ. ಆದರೆ ನಮ್ಮ ಮೆಕ್ಯಾನಿಕ್ ಕೇಳಿದ ತಕ್ಷಣ ಬೇಡವೇ ಬೇಡ ಅಂದರು. ಯಾಕೆ ಅಂತ ಅವರಿಗೂ ಸರಿಯಾಗಿ ಹೇಳಲು ಆಗಲಿಲ್ಲ. ಓಡುತ್ತದೆ ಅಂದಮೇಲೆ ಏನು ತೊಂದರೆ? ಬಯೋಡೀಸೆಲ್ ಮಾಡಿಯೇ ಹಾಕಬೇಕಾ? ಮನೆಯಲ್ಲಿ ಹಳೆ ಕೊಬ್ಬರಿ ಎಣ್ಣೆಯೂ ಒಂದು ಡಬ್ಬ ಇದೆ, ಅದು ಆಗುತ್ತದಾ?

ಡೀಸೆಲ್ ಪಂಪ್ ರಿಪೇರಿ:

ನಿಮ್ಮ ಮೆಕ್ಯಾನಿಕ್ ಹೇಳಿದ್ದು ಅರ್ಧ ಸರಿ. ಡೀಸೆಲ್ ಇಂಜಿನ್‌ಗೆ ಎಣ್ಣೆ ಹೊಸದೇನಲ್ಲ. 1900ರಲ್ಲಿ ಪ್ಯಾರಿಸ್‌ನ ದೊಡ್ಡ ಪ್ರದರ್ಶನದಲ್ಲಿ ಒಂದು ಚಿಕ್ಕ ಡೀಸೆಲ್ ಇಂಜಿನ್ ಕಡಲೆಕಾಯಿ ಎಣ್ಣೆಯಲ್ಲೇ ಓಡಿತ್ತು. ನಮ್ಮಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಲ್ಲಿ ಹಳ್ಳಿಯ ನೀರಿನ ಪಂಪು, ಜನರೇಟರ್ ಓಡಿಸಿ ತೋರಿಸಿದ್ದಾರೆ. ಹಾಗಾಗಿ ಓಡುತ್ತದಾ ಅನ್ನುವುದು ಪ್ರಶ್ನೆಯೇ ಅಲ್ಲ. ಎಷ್ಟು ದಿನ ಓಡುತ್ತದೆ ಅನ್ನುವುದು ಪ್ರಶ್ನೆ.

ತೊಂದರೆ ಇರುವುದು ಎಣ್ಣೆಯ ದಪ್ಪದಲ್ಲಿ. ಹೊಂಗೆ ಎಣ್ಣೆ ಡೀಸೆಲ್‌ಗಿಂತ ಸುಮಾರು 10 ಪಟ್ಟು ದಪ್ಪ. ನಾಜಲ್ ಡೀಸೆಲ್ಲನ್ನು ಮಂಜಿನ ಹಾಗೆ ಚಿಮ್ಮಿಸುತ್ತದೆ, ತಣ್ಣನೆ ಎಣ್ಣೆಯನ್ನು ಅದೇ ನಾಜಲ್ ಪಿಚಕಾರಿ ಹಾಗೆ ಉಗುಳುತ್ತದೆ. ದೊಡ್ಡ ಹನಿ ಪೂರ್ತಿ ಉರಿಯುವುದಿಲ್ಲ. ಸ್ವಲ್ಪ ನಾಜಲ್ ತುದಿಯಲ್ಲಿ ಕರಿ ಕಟ್ಟುತ್ತದೆ, ಸ್ವಲ್ಪ ಪಿಸ್ಟನ್ ರಿಂಗ್ ಸಂದಿಯಲ್ಲಿ ಅಂಟಾಗಿ ಕೂರುತ್ತದೆ, ಉಳಿದದ್ದು ಸಿಲಿಂಡರ್ ಗೋಡೆ ಹಿಡಿದು ಕೆಳಗಿಳಿದು ಇಂಜಿನ್ ಆಯಿಲ್ ಜೊತೆ ಸೇರುತ್ತದೆ. ಇದು ಒಂದು ದಿನದಲ್ಲಿ ಆಗುವ ಕೆಲಸ ಅಲ್ಲ, ಅದಕ್ಕೇ 2 ಲೀಟರ್‌ನಲ್ಲಿ ನಿಮಗೆ ಏನೂ ಕಾಣಲಿಲ್ಲ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಎವಿ1ಗೆ ತುಂಬಾ ಜನ ಪಂಪಿನ ನೀರನ್ನೇ ಒಂದು ಸಣ್ಣ ಪೈಪಿನಲ್ಲಿ ತಿರುಗಿಸಿ ಇಂಜಿನ್ ತಣ್ಣಗೆ ಮಾಡುತ್ತಾರೆ, ವಾಲ್ವ್ ಪೂರ್ತಿ ಬಿಟ್ಟಿರುತ್ತಾರೆ. ಹೊಂಡದ ತಣ್ಣೀರು ಸದಾ ಹರಿಯುತ್ತಿದ್ದರೆ ಇಂಜಿನ್ ಬಿಸಿಯೇ ಆಗುವುದಿಲ್ಲ, ಎಣ್ಣೆ ಹಾಕಿದಾಗ ಅದು ನಿಜವಾಗಿ ಕೆಟ್ಟದ್ದು. ಹೊರಗೆ ಬರುವ ನೀರಿಗೆ ಬೆರಳು ಹಿಡಿದರೆ ಒಂದೆರಡು ಸೆಕೆಂಡಿಗಿಂತ ತಡೆಯಬಾರದು, ಅಲ್ಲಿಯವರೆಗೆ ವಾಲ್ವ್ ನಿಧಾನಕ್ಕೆ ತಿರುಗಿಸಿ. ಪೂರ್ತಿ ಮುಚ್ಚಲೇಬೇಡಿ, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ.

ಹಿರಿಯೂರು ರೈತ:

ನಾನು ಮಾಡಿ ಕೆಟ್ಟಿದ್ದೇನೆ, ಹೇಳುತ್ತೇನೆ ಕೇಳಿ ತಮ್ಮ. ನಿಮ್ಮ ಹಾಗೇ ಶುರು ಮಾಡಿದೆ. ಇಂಜಿನ್ ಚೆನ್ನಾಗಿ ಓಡುತ್ತಿದೆ ಅಂತ ಬರೀ ಹೊಂಗೆ ಎಣ್ಣೆಯಲ್ಲೇ ಒಂದು ಬೇಸಿಗೆ ಪೂರ್ತಿ ಓಡಿಸಿದೆ, ಬಿಸಿ ಮಾಡಲಿಲ್ಲ, ಸೋಸಿದ್ದು ಪಂಚೆ ಬಟ್ಟೆಯಲ್ಲಿ, ಸಂಜೆ ಎಣ್ಣೆಯಲ್ಲೇ ನಿಲ್ಲಿಸಿ ಬೆಳಿಗ್ಗೆ ಎಣ್ಣೆಯಲ್ಲೇ ಸ್ಟಾರ್ಟ್ ಮಾಡುತ್ತಿದ್ದೆ. ಮೊದಲು ಹ್ಯಾಂಡಲ್ ಹೊಡೆಯುವುದು ಕಷ್ಟ ಆಯಿತು. ಆಮೇಲೆ ಕಂಪ್ರೆಷನ್ ಹೋಯಿತು. ಬಿಚ್ಚಿಸಿದರೆ ರಿಂಗ್ ಎರಡು ಪಿಸ್ಟನ್‌ಗೇ ಅಂಟಿಕೊಂಡಿದ್ದವು, ಇಂಜಿನ್ ಆಯಿಲ್ ಅಂಬಲಿ ಹಾಗೆ ಗಟ್ಟಿಯಾಗಿತ್ತು. ಉಳಿಸಿದ ಡೀಸೆಲ್ ದುಡ್ಡೆಲ್ಲ ಲೈನರ್, ಪಿಸ್ಟನ್ನಿಗೆ ಹೋಯಿತು. ಆವತ್ತು ತುಂಬಾ ಬೇಜಾರಾಗಿತ್ತು, ತಪ್ಪು ನನ್ನದೇ ಅಂತ ಆಮೇಲೆ ಗೊತ್ತಾಯಿತು.

ಈಗ ಬೇರೆ ರೀತಿ ಮಾಡುತ್ತೇನೆ. ಎರಡು ಟ್ಯಾಂಕು, ಮಧ್ಯೆ ಒಂದು ಮೂರು ದಾರಿ ಕಾಕ್. ಡೀಸೆಲ್‌ನಲ್ಲಿ ಸ್ಟಾರ್ಟ್ ಮಾಡಿ ಇಂಜಿನ್ ಕಾದಮೇಲೆ ಎಣ್ಣೆಗೆ ತಿರುಗಿಸುವುದು, ನಿಲ್ಲಿಸುವ 10 ನಿಮಿಷ ಮೊದಲು ಮತ್ತೆ ಡೀಸೆಲ್‌ಗೆ. ಇದರಿಂದ ಇಂಜಿನ್‌ಗೆ ಡೀಸೆಲ್ ತಳ್ಳುವ ಪಂಪು, ನಾಜಲ್ ಒಳಗೆ ರಾತ್ರಿ ಎಣ್ಣೆ ಉಳಿಯುವುದಿಲ್ಲ. ಎಣ್ಣೆಯ ಪೈಪನ್ನು ಇಂಜಿನ್ನಿಂದ ಹೊರಬರುವ ಬಿಸಿ ನೀರಿನ ಡಬ್ಬಿಯೊಳಗೆ ಸುರುಳಿ ಸುತ್ತಿ ತಂದಿದ್ದೇನೆ. ಅಷ್ಟಕ್ಕೇ ಎಣ್ಣೆ ಎಷ್ಟೋ ತೆಳ್ಳಗಾಗುತ್ತದೆ. ಸೈಲೆನ್ಸರ್‌ಗೆ ಸುತ್ತಬೇಡಿ, ಸೋರಿದರೆ ಬೆಂಕಿ. ಗಾಣದ ಎಣ್ಣೆಯನ್ನು ಡ್ರಮ್ಮಿನಲ್ಲಿ ಒಂದು ತಿಂಗಳು ಅಲ್ಲಾಡಿಸದೆ ಇಟ್ಟು ಮೇಲಿನದನ್ನು ಮಾತ್ರ ತೆಗೆಯುತ್ತೇನೆ, ತಳದ ಗಸಿ ಮುಟ್ಟುವುದಿಲ್ಲ. ಒಂದು ಹನಿ ಕಾದ ಬಾಣಲೆಗೆ ಹಾಕಿ ನೋಡಿ, ಚಟಪಟ ಅಂದರೆ ನೀರಿದೆ ಅಂತ ಅರ್ಥ, ಮತ್ತೆ ಕಾಯಿಸಬೇಕು. ಇಂಜಿನ್ ಆಯಿಲ್ ಎಷ್ಟು ಗಂಟೆ ಓಡಿದ ಮೇಲೆ ಬದಲಾಯಿಸಿ ಅಂತ ಪುಸ್ತಕದಲ್ಲಿದೆಯೋ ಅದರ ಅರ್ಧಕ್ಕೇ ಬದಲಾಯಿಸುತ್ತೇನೆ, ಇದರಲ್ಲಿ ಜಿಪುಣತನ ಬೇಡ.

ಇಷ್ಟೆಲ್ಲ ರಗಳೆ ಬೇಡ ಅಂದರೆ 4 ಲೀಟರ್ ಡೀಸೆಲ್‌ಗೆ 1 ಲೀಟರ್ ಹೊಂಗೆ ಎಣ್ಣೆ ಬೆರೆಸಿ. ಆಗಲೂ ಸೋಸುವುದು, ಆಯಿಲ್ ಬದಲಾಯಿಸುವುದು ಬಿಡಬೇಡಿ.

ಅರಸೀಕೆರೆ ತೋಟ:

ಅಣ್ಣ, ತುಂಬಾ ಉಪಕಾರ ಆಯಿತು. ನಾನೂ ಎಣ್ಣೆಯಲ್ಲೇ ನಿಲ್ಲಿಸಿದ್ದೆ, ನಾಳೆಯೇ ಒಂದು ಗಂಟೆ ಬರೀ ಡೀಸೆಲ್‌ನಲ್ಲಿ ಓಡಿಸುತ್ತೇನೆ. ಬಯೋಡೀಸೆಲ್ ಬಗ್ಗೆ ಯಾರಾದರೂ ಹೇಳಿ. ಮನೆಯಲ್ಲಿ ಮಾಡುವಂಥದ್ದಾ? ನಮ್ಮ ಭಾವನ ಹೋಟೆಲಿನಲ್ಲಿ ಕರಿದ ಎಣ್ಣೆಯೂ ಸಿಗುತ್ತದೆ.

ರಸಾಯನಶಾಸ್ತ್ರ ಮೇಷ್ಟ್ರು:

ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಮಕ್ಕಳ ಜೊತೆ ಎಷ್ಟೋ ಸಲ ಮಾಡಿದ್ದೇವೆ, ಅದಕ್ಕೇ ಹೇಳುತ್ತಿದ್ದೇನೆ. ತತ್ವ ಸುಲಭ. ಎಣ್ಣೆಯ ಒಂದು ಕಣದಲ್ಲಿ ಮೂರು ಉದ್ದ ಸರಪಳಿಗಳು ಒಂದು ಗ್ಲಿಸರಿನ್‌ಗೆ ಕಟ್ಟಿಕೊಂಡಿರುತ್ತವೆ, ದಪ್ಪ ಇರುವುದೇ ಅದರಿಂದ. ಮೆಥನಾಲ್ ಮತ್ತು ಸ್ವಲ್ಪ ಕಾಸ್ಟಿಕ್ ಸೋಡಾ ಸೇರಿಸಿ 60 ಡಿಗ್ರಿ ಹತ್ತಿರ ಒಂದು ಗಂಟೆ ಕಲಕಿದರೆ ಗ್ಲಿಸರಿನ್ ಬಿಟ್ಟುಕೊಂಡು ತಳಕ್ಕೆ ಇಳಿಯುತ್ತದೆ, ಮೇಲೆ ನಿಲ್ಲುವುದೇ ಬಯೋಡೀಸೆಲ್. 1 ಲೀಟರ್ ಎಣ್ಣೆಗೆ ಸುಮಾರು 200 ಮಿಲಿ ಮೆಥನಾಲ್. ಆಮೇಲೆ ನೀರಿನಲ್ಲಿ ತೊಳೆದು, ಆ ನೀರಿನ ಅಂಶ ಪೂರ್ತಿ ಹೋಗುವ ತನಕ ಒಣಗಿಸಬೇಕು. ಸರಿಯಾಗಿ ಮಾಡಿದ್ದರ ದಪ್ಪ ಹೆಚ್ಚುಕಮ್ಮಿ ಡೀಸೆಲ್‌ನಷ್ಟೇ.

ಕಷ್ಟ ಎಲ್ಲಿ ಅಂದರೆ ಹೊಂಗೆ ಎಣ್ಣೆಯ ಹುಳಿಯಲ್ಲಿ. ಬೀಜ ಹಳೆಯದಾದಷ್ಟೂ, ಮಳೆಗೆ ನೆನೆದಷ್ಟೂ ಎಣ್ಣೆಯಲ್ಲಿ ಬಿಡಿ ಆಮ್ಲ ಜಾಸ್ತಿ. ಅದು ಕಾಸ್ಟಿಕ್ ಜೊತೆ ಸೇರಿ ಸೋಪಾಗುತ್ತದೆ, ಡ್ರಮ್ಮಿನಲ್ಲಿ ಬಯೋಡೀಸೆಲ್ ಬದಲು ಸೋಪಿನ ಮುದ್ದೆ ಸಿಗುತ್ತದೆ. ಹಾಗಾಗಿ ಮೊದಲು ಸಲ್ಫ್ಯೂರಿಕ್ ಆಮ್ಲ ಮತ್ತು ಮೆಥನಾಲ್ ಹಾಕಿ ಒಂದು ಸುತ್ತು, ಆಮೇಲೆ ಕಾಸ್ಟಿಕ್ ಸುತ್ತು. ಹೋಟೆಲ್ ಎಣ್ಣೆಗೂ ಇದೇ ಮಾತು. ಪ್ರತಿ ಡ್ರಮ್ಮಿಗೂ ಆಮ್ಲ ಎಷ್ಟಿದೆ ಅಂತ ಟೈಟ್ರೇಷನ್ ಮಾಡದೆ ಅಂದಾಜಿನಲ್ಲಿ ಕಾಸ್ಟಿಕ್ ಹಾಕಲೇಬೇಡಿ.

ಮೆಥನಾಲ್ ಬಗ್ಗೆ ಕೈಮುಗಿದು ಹೇಳುತ್ತೇನೆ. ಸ್ವಲ್ಪ ಕುಡಿದರೂ ಕಣ್ಣು ಹೋಗುತ್ತದೆ, ಪ್ರಾಣವೇ ಹೋಗಬಹುದು, ಆವಿಯೂ ವಿಷ, ಚರ್ಮದಿಂದಲೂ ಒಳಗೆ ಹೋಗುತ್ತದೆ. ಅದರ ಉರಿ ಹಗಲಲ್ಲಿ ಕಣ್ಣಿಗೇ ಕಾಣುವುದಿಲ್ಲ. ಅಡುಗೆಮನೆಯಲ್ಲಿ, ಮಕ್ಕಳು ಓಡಾಡುವ ಕಡೆ, ಸೌದೆ ಒಲೆಯ ಮೇಲೆ ಖಂಡಿತ ಬೇಡ. ನಿಮ್ಮ ಹತ್ತಿರವೇ ಹಾಸನದ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಪಾರ್ಕ್ ಇದೆ, ಒಮ್ಮೆ ಹೋಗಿ ಕಣ್ಣಾರೆ ನೋಡಿ, ಆಮೇಲೆ ತೀರ್ಮಾನ ಮಾಡಿ.

ಕೊಬ್ಬರಿ ಎಣ್ಣೆ ಚೆನ್ನಾಗಿಯೇ ಉರಿಯುತ್ತದೆ. 1990ರ ದಶಕದಲ್ಲಿ ಪಪುವಾ ನ್ಯೂಗಿನಿಯ ಬೂಗನ್‌ವಿಲ್ ದ್ವೀಪಕ್ಕೆ ಹೊರಗಿನಿಂದ ಏನೂ ಬರದ ಹಾಗೆ ದಿಗ್ಬಂಧನ ಹಾಕಿದಾಗ ಅಲ್ಲಿನವರು ಗಾಡಿಗಳನ್ನು ಕೊಬ್ಬರಿ ಎಣ್ಣೆಯಲ್ಲೇ ಓಡಿಸಿದರು. ಆದರೆ ಅದು 24-25 ಡಿಗ್ರಿಗೇ ಹೆಪ್ಪುಗಟ್ಟುತ್ತದೆ. ಅರಸೀಕೆರೆಯ ಡಿಸೆಂಬರ್ ಬೆಳಿಗ್ಗೆ ನಿಮ್ಮ ಪೈಪಿನಲ್ಲಿ ಬೆಣ್ಣೆ ಇರುತ್ತದೆ.

ಜೀಪ್ ಪ್ರೇಮಿ, ಸಕಲೇಶಪುರ:

ಇದನ್ನು ಓದಿ ಗಾಡಿಗೆ ಹಾಕಲು ಹೊರಡುವವರಿಗೆ ಒಂದು ಮಾತು. ನನ್ನ ಹಳೆ ಮಹೀಂದ್ರ ಜೀಪಿನದು ಪೀಜೋ ಇಂಜಿನ್, ಎಣ್ಣೆ ಮೊದಲು ಪಕ್ಕದ ಚಿಕ್ಕ ಕೋಣೆಯಲ್ಲಿ ಉರಿಯುವ ಬಗೆ. ಇಂಥವು ದಪ್ಪ ಇಂಧನವನ್ನು ಸ್ವಲ್ಪ ತಡೆದುಕೊಳ್ಳುತ್ತವೆ. ಡೀಸೆಲ್ ತಳ್ಳುವ ಪಂಪು ಸಾಲು ಪಂಪಾದರೆ, ಅಂದರೆ ಸಿಲಿಂಡರಿಗೊಂದರಂತೆ ಸಾಲಾಗಿ ಇರುವ ಬಗೆಯಾದರೆ, ಅದೂ ಗಟ್ಟಿ. ಒಂದೇ ಪಂಪು ತಿರುಗುತ್ತಾ ಎಲ್ಲ ಸಿಲಿಂಡರಿಗೂ ಹಂಚುವ ರೋಟರಿ ಪಂಪು ಅಷ್ಟು ತಡೆಯುವುದಿಲ್ಲ. ಕಾಮನ್ ರೈಲ್ (ತುಂಬಾ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ ಏರ್ಪಾಡು) ಇರುವ ಈಗಿನ ಗಾಡಿಗೆ ಬರೀ ಎಣ್ಣೆ ಒಂದು ಲೋಟವೂ ಬೇಡ.

ಬಯೋಡೀಸೆಲ್ ಹಾಕುವವರು ಮೊದಲ ವಾರ ಒಂದು ಫಿಲ್ಟರ್ ಜಾಸ್ತಿ ಇಟ್ಟುಕೊಳ್ಳಿ. ಟ್ಯಾಂಕಿನ ಒಳಗೆ ವರ್ಷಗಟ್ಟಲೆ ಕೂತ ಕೊಳೆಯನ್ನೆಲ್ಲ ಅದು ಕಿತ್ತು ತರುತ್ತದೆ. ನನ್ನ ಜೀಪು ಶಿರಾಡಿ ಘಾಟಿಯ ಮಧ್ಯೆ ನಿಂತಿದ್ದು ಅದಕ್ಕೇ. ಹಳೆ ರಬ್ಬರ್ ಪೈಪುಗಳೂ ಊದಿಕೊಂಡು ಮೆತ್ತಗಾಗಿ ಸೋರುತ್ತವೆ, ಇಂಧನ ತಡೆಯುವ ವೈಟಾನ್ ರಬ್ಬರಿನ ಪೈಪು ಹಾಕಿಸಿ.

ಹಿರಿಯೂರು ರೈತ:

ತಮ್ಮ, ಲೆಕ್ಕವೂ ಹಾಕಿಕೋ. ನಮ್ಮೂರ ಗಾಣದಲ್ಲಿ 4 ಕೆಜಿ ಬೀಜಕ್ಕೆ ಸುಮಾರು 1 ಲೀಟರ್ ಎಣ್ಣೆ, ಅಂದರೆ ಒಂದು ಗಂಟೆ ನೀರು. ಅಂಗಡಿಯಿಂದ ಎಣ್ಣೆ ಕೊಂಡು ಓಡಿಸಿದರೆ ಏನೂ ಗಿಟ್ಟುವುದಿಲ್ಲ. ನಿನ್ನ ಬೇಲಿಯ ಬೀಜವೇ ಆದರೆ 4 ಕೆಜಿಗೆ 3 ಕೆಜಿ ಹಿಂಡಿ ಮನೆಗೆ ಬರುತ್ತದೆ, ತೆಂಗಿನ ಬುಡಕ್ಕೆ ಅದಕ್ಕಿಂತ ಒಳ್ಳೆ ಗೊಬ್ಬರ ಬೇಕಾ? ಗಾಣದವರ ಹತ್ತಿರ ಹಿಂಡಿ ಬಿಟ್ಟು ಬರಬೇಡ.

ಅರಸೀಕೆರೆ ತೋಟ:

ಅಯ್ಯೋ, ಈ ಸಲ ಹಿಂಡಿ ಅಲ್ಲೇ ಬಿಟ್ಟು ಬಂದಿದ್ದೇನೆ ಅಣ್ಣ. ನಾಳೆ ಹೋಗಿ ಕೇಳುತ್ತೇನೆ. ಬಯೋಡೀಸೆಲ್ ಸದ್ಯಕ್ಕೆ ಬೇಡ, 1ಕ್ಕೆ 4 ಬೆರೆಸಿ ಶುರು ಮಾಡುತ್ತೇನೆ. ಬಿಸಿ ನೀರಿನ ಡಬ್ಬಿಯೊಳಗೆ ಪೈಪು ಎಷ್ಟು ಸುತ್ತು ಹಾಕಿದ್ದೀರಿ, ತಾಮ್ರದ್ದಾ ಕಬ್ಬಿಣದ್ದಾ? ಒಂದು ಫೋಟೋ ಹಾಕುತ್ತೀರಾ?

ಹಿರಿಯೂರು ರೈತ:

ಕಬ್ಬಿಣದ್ದು, 8 ಸುತ್ತು. ತಾಮ್ರ ತಾಗಿದರೆ ಎಣ್ಣೆ ಬೇಗ ಕೆಡುತ್ತದೆ. ಫೋಟೋ ಸಂಜೆ ತೋಟಕ್ಕೆ ಹೋದಾಗ ತೆಗೆದು ಹಾಕುತ್ತೇನೆ.