'ವೀರ್ಯ' ಮತ್ತು 'ಉಪವಾಸ': ಆರೋಗ್ಯ ಕೈಪಿಡಿಯೊಂದರ ಬಳಕೆಯ ಬಗ್ಗೆ

ಮಾನ್ಯರೇ,

ಮಕ್ಕಳಿಗಾಗಿ ಹಂಬಲಿಸುವ ದಂಪತಿಗಳಿಗೆ ಹಂಚಲಿರುವ ಕೈಪಿಡಿಯೊಂದರ ಕನ್ನಡ ಕರಡನ್ನು ತಿದ್ದುತ್ತಿದ್ದೇನೆ. ಗಂಡಸಿನ ಸಂತಾನಶಕ್ತಿಗೂ ಆಹಾರಕ್ಕೂ ಇರುವ ನಂಟನ್ನು ವಿವರಿಸುವ ಅಧ್ಯಾಯದಲ್ಲಿ 'ಉಪವಾಸದಿಂದ ವೀರ್ಯ ಕಡಿಮೆಯಾಗುತ್ತದೆ' ಎಂಬ ವಾಕ್ಯವಿದೆ. ಈ ಮೂರು ಪದಗಳಲ್ಲಿ ಎರಡು ನನಗೆ ತೊಡಕಾಗಿವೆ.

ಆಡುಮಾತಿನ 'ವೀರ್ಯ' ದ್ರವಕ್ಕೂ ಸಲ್ಲುತ್ತದೆ, ಅದರೊಳಗಿನ ಜೀವಕೋಶಗಳಿಗೂ ಸಲ್ಲುತ್ತದೆ. ಆದರೆ ದ್ರವದ ಬಹುಪಾಲು ಬರುವುದು ಪ್ರಾಸ್ಟೇಟ್ ಮತ್ತು ಅದರ ನೆರೆಯ ಗ್ರಂಥಿಗಳಿಂದ. ವೃಷಣದಿಂದ ಬರುವ ವೀರ್ಯಾಣುಗಳ ಪಾಲು ತೀರ ಸಣ್ಣದು. ವ್ಯಾಸೆಕ್ಟಮಿ (ವೀರ್ಯಾಣುಗಳ ದಾರಿಯನ್ನು ಕತ್ತರಿಸುವ ಸಂತಾನಹರಣ ಶಸ್ತ್ರಚಿಕಿತ್ಸೆ) ಮಾಡಿಸಿಕೊಂಡವರಲ್ಲಿ ವೀರ್ಯದ ಪ್ರಮಾಣ ಹೆಚ್ಚುಕಡಿಮೆ ಮೊದಲಿನಷ್ಟೇ ಉಳಿಯುವುದು ಇದೇ ಕಾರಣಕ್ಕೆ. ಆದ್ದರಿಂದ 'ವೀರ್ಯ ಕಡಿಮೆ' ಎಂದು ಓದಿದವನು ಕಣ್ಣಿಗೆ ಕಾಣುವ ಅಳತೆಯನ್ನೇ ನಂಬಿ ಸುಮ್ಮನೆ ಹೆದರಬಹುದು, ಇಲ್ಲವೇ ಸುಮ್ಮನೆ ನೆಮ್ಮದಿಪಡಬಹುದು. ಪ್ರಯೋಗಾಲಯ ಮುಖ್ಯವಾಗಿ ನೋಡುವುದು ವೀರ್ಯಾಣುಗಳ ಸಂಖ್ಯೆ, ಚಲನೆ ಮತ್ತು ಆಕಾರಗಳನ್ನು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಮಿಲಿಲೀಟರಿಗೆ 1 ಕೋಟಿ 60 ಲಕ್ಷ ವೀರ್ಯಾಣುಗಳು ಮತ್ತು ಶೇ. 42ರಷ್ಟು ಚಲನೆ ಕೆಳಮಿತಿಗಳು. ಇದು ಸಾಲದೆಂಬಂತೆ ಅದೇ ಅಧ್ಯಾಯದ ಆಯುರ್ವೇದದ ಟಿಪ್ಪಣಿಯಲ್ಲಿ ಹಾಲು, ತುಪ್ಪಗಳನ್ನು 'ಶೀತವೀರ್ಯ' ಎಂದು ಕರೆಯಲಾಗಿದೆ. ಅಲ್ಲಿ ವೀರ್ಯವೆಂದರೆ ಪದಾರ್ಥದ ಗುಣಶಕ್ತಿ, ಶೀತವೀರ್ಯವೆಂದರೆ ತಂಪು ಗುಣದ್ದು. ಆಹಾರದಿಂದ ರಸ, ರಕ್ತ ಎಂದು ಮೆಟ್ಟಿಲಿಳಿದು ಬರುವ ಏಳನೆಯ ಧಾತುವಿಗೆ (ದೇಹವನ್ನು ಕಟ್ಟುವ ಅಂಶಕ್ಕೆ) ಆ ಶಾಸ್ತ್ರದ ಹೆಸರು 'ಶುಕ್ರ'. ಸಾಮಾನ್ಯ ಓದುಗ 'ಶೀತವೀರ್ಯ'ವನ್ನು ಹೇಗೆ ಅರ್ಥಮಾಡಿಕೊಂಡಾನೆಂದು ಊಹಿಸಲೂ ಅಂಜಿಕೆಯಾಗುತ್ತದೆ. ದ್ರವಕ್ಕೆ 'ವೀರ್ಯ', ಜೀವಕೋಶಕ್ಕೆ 'ವೀರ್ಯಾಣು', ಧಾತುವಿಗೆ 'ಶುಕ್ರ' ಎಂದು ಕಟ್ಟುನಿಟ್ಟಾಗಿ ಬೇರ್ಪಡಿಸಬೇಕೆಂಬುದು ನನ್ನ ಅಭಿಪ್ರಾಯ. 'ಪುರುಷ ಬಂಜೆತನ'ವನ್ನಂತೂ ಆಗಲೇ ತೆಗೆದುಹಾಕಿದ್ದೇನೆ.

'ಉಪವಾಸ'ದ ತೊಡಕು ಇದಕ್ಕಿಂತ ಹೆಚ್ಚಿನದು. ಏಕಾದಶಿಯಂದು ಒಬ್ಬರು ನೀರನ್ನೂ ಮುಟ್ಟುವುದಿಲ್ಲ. ಇನ್ನೊಬ್ಬರು ಅನ್ನ ಬಿಟ್ಟು ಹೊಟ್ಟೆತುಂಬ ಉಪ್ಪಿಟ್ಟು ತಿಂದು ಅದನ್ನೂ ಉಪವಾಸವೆನ್ನುತ್ತಾರೆ. ರಂಜಾನಿನ ರೋಜಾ ಒಂದು ತಿಂಗಳು ಹಗಲಿಗೆ ಮಾತ್ರ ಸೀಮಿತ. ಸತತವಾಗಿ ಕೆಲವು ದಿನ ಆಹಾರವಿಲ್ಲದಿದ್ದರೆ ವೃಷಣಕ್ಕೆ ಹೋಗುವ ಮಿದುಳಿನ ಸೂಚನೆ ಕುಗ್ಗಿ ಟೆಸ್ಟೊಸ್ಟೆರಾನ್ ಎಂಬ ಗಂಡು ಹಾರ್ಮೋನು ಇಳಿಯುತ್ತದೆ, ಊಟ ಶುರುವಾದ ಮೇಲೆ ಚೇತರಿಸಿಕೊಳ್ಳುತ್ತದೆ. ಆದರೆ ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು 74 ದಿನ ಬೇಕು, ಬಲಿತು ಹೊರಬರಲು ಮತ್ತಷ್ಟು ದಿನ ಹಿಡಿಯುತ್ತದೆ. ಹಾಗಾಗಿ ನಿನ್ನೆಯ ಉಪವಾಸದ ಫಲವನ್ನು ಇಂದಿನ ಪರೀಕ್ಷೆಯಲ್ಲಿ ಹುಡುಕುವುದು ವ್ಯರ್ಥ. ಅತಿಬೊಜ್ಜಿನವರಲ್ಲಿಯೂ ಟೆಸ್ಟೊಸ್ಟೆರಾನ್ ತಗ್ಗಿರುವುದುಂಟು, ಅಂಥವರಿಗೆ ಮಿತವಾದ ಊಟದಿಂದ ತೂಕ ಇಳಿಯುವುದೇ ಒಳಿತು. ಇಷ್ಟೆಲ್ಲವನ್ನೂ 'ಉಪವಾಸದಿಂದ' ಎಂಬ ಒಂದೇ ಪದ ಹೊರಲಾರದು.

ದಿನದ ಊಟವನ್ನೆಲ್ಲ ಎಂಟು ಗಂಟೆಗಳ ಅವಧಿಯೊಳಗೆ ಮುಗಿಸುವ ಪದ್ಧತಿಗೆ ಪತ್ರಿಕೆಗಳು 'ಮಧ್ಯಂತರ ಉಪವಾಸ' ಎನ್ನುತ್ತಿವೆ. ನನಗೆ ಅದು ಮಧ್ಯಂತರ ಜಾಮೀನಿನ ತಮ್ಮನಂತೆ ಕೇಳಿಸುತ್ತದೆ. 'ಹೊತ್ತಿನ ಮಿತಿಯ ಊಟ' ಆದೀತೇ? ದಿನಕ್ಕೊಂದೇ ಊಟಕ್ಕೆ 'ಒಪ್ಪೊತ್ತು' ಬಳಸುವ ಆಸೆಯಿದೆ. ಆದರೆ 'ಒಪ್ಪೊತ್ತಿನ ಗಂಜಿಗೂ ಗತಿಯಿಲ್ಲ' ಎಂಬಲ್ಲಿ ಅದಕ್ಕೆ ಬಡತನದ ಅರ್ಥ ಅಂಟಿಕೊಂಡಿದೆ. ಉತ್ತರ ಕರ್ನಾಟಕದಲ್ಲಿ 'ಒಪ್ಪತ್ತು' ವ್ರತವೆಂಬ ಅರ್ಥದಲ್ಲಿ ಈಗಲೂ ಬಳಕೆಯಲ್ಲಿದೆಯೇ ಎಂಬುದನ್ನು ಆ ಭಾಗದ ಬಲ್ಲವರು ದಯವಿಟ್ಟು ತಿಳಿಸಬೇಕು.